ಸೀಸೆ ಮೇಷ್ಟ್ರು

ಬಿದಿರು ಸೀಳುತ್ತಿದ್ದ ಮಾದಪ್ಪ ಮಚ್ಚನ್ನು ಎತ್ತಿದ ಕೈಯಲ್ಲೇ ಹಿಡಿದು ನಿಂತುಬಿಟ್ಟ. ಓಣಿಯ ತಿರುವಿನಲ್ಲಿ ಮುಡುಕುತೊರೆಯ ಜವರಯ್ಯ ಬರುತ್ತಿದ್ದ. ಕಂಕುಳಲ್ಲಿ ಹೊಸ ಬಟ್ಟೆಯ ಗಂಟು. ಹೆಮ್ಮಿಗೆಯ ಆ ಓಣಿಗೆ ಅವನು ಕಾಲಿಟ್ಟು ಇಪ್ಪತ್ತೆರಡು ವರ್ಷವಾಗಿತ್ತು.

ಚಟ್ಟ ಕಟ್ಟುತ್ತಿದ್ದವರ ಮಾತು ನಿಂತಿತು. ಜಗುಲಿಯ ಗೋಡೆಗೆ ಒರಗಿಸಿ ಕೂರಿಸಿದ್ದ ಚಿಕ್ಕಸ್ವಾಮಿಯ ಹೆಣದ ಸುತ್ತ ಅಳುತ್ತಿದ್ದ ಹೆಂಗಸರೂ ತಲೆಯೆತ್ತಿ ನೋಡಿದರು.

ಸತ್ತವನು ಜವರಯ್ಯನ ಅಕ್ಕನ ಗಂಡ. ಅಕ್ಕ ಮುದ್ದಮ್ಮ ಇದೇ ಮನೆಯಲ್ಲಿ ಔಷಧಿ ಅದಲುಬದಲಾಗಿ ಸತ್ತಿದ್ದಳು. ಕುಡಿಯುವ ಔಷಧಿಯ ಬದಲು ಮೈಗೆ ತಿಕ್ಕುವ ಔಷಧಿಯನ್ನು ಕುಡಿಸಿದವನು ಗಂಡನೇ ಎಂಬುದು ಸುತ್ತಣ ಹಳ್ಳಿಗಳಿಗೆಲ್ಲ ಗೊತ್ತಿದ್ದ ಮಾತು. ಆ ಸಿಟ್ಟಿಗೇ ಬಾಮೈದ ಈ ಹೊಸ್ತಿಲು ತುಳಿಯುವುದಿಲ್ಲ ಎಂಬುದೂ ಗೊತ್ತಿದ್ದದ್ದೇ.

"ಬಾಪ್ಪಾ ಜವರಯ್ಯ," ಎಂದು ಮಾದಪ್ಪ ಮಚ್ಚು ಕೆಳಗಿಟ್ಟ. ಚಿಕ್ಕಸ್ವಾಮಿಯ ದೊಡ್ಡಪ್ಪನ ಮಗ ಅವನು. ಗಂಡು ಮಕ್ಕಳಿಲ್ಲದ ಮನೆಯ ಕರ್ಮಕ್ಕೆ ಅವನೇ ಯಜಮಾನ. "ಬಂದಿದ್ದು ಒಳ್ಳೇದಾಯ್ತು. ಸತ್ತೋರ ಮೇಲೆ ಇನ್ನೇನ್ ಸಿಟ್ಟು? ಬಾ, ಬಟ್ಟೆ ಒದಿಸು."

ಜವರಯ್ಯ ಗಂಟು ಬಿಚ್ಚಿ ಬಿಳಿ ಬಟ್ಟೆಯನ್ನು ಹೆಣದ ಮೇಲೆ ಹೊದಿಸಿದ. ಹೊದಿಸುವಾಗ ಭಾವನ ಮುಖ ನೋಡಬಾರದೆಂದುಕೊಂಡಿದ್ದ. ನೋಡಿಬಿಟ್ಟ. ಕೆನ್ನೆ ಇಳಿದುಹೋಗಿತ್ತು, ಗಡ್ಡ ಪೂರಾ ಬೆಳ್ಳಗಾಗಿತ್ತು. ತಲೆಯ ಹತ್ತಿರ ಕೂತಿದ್ದ ಹೆಂಗಸು ಅವನನ್ನೇ ದಿಟ್ಟಿಸಿದಳು. ಪಕ್ಕದವಳು ಅವಳ ಕಿವಿಯಲ್ಲೇನೋ ಹೇಳಿದಳು.

"ಮಾವನಾ?" ಎಂದಳು ಆ ಹೆಂಗಸು. ಮಂಗಳಮ್ಮ. ಅಕ್ಕನ ಮಗಳು. ಅಕ್ಕ ಸತ್ತಾಗ ಮೂರು ವರ್ಷದ ಕೂಸು. "ಬಾ ಮಾವ. ಕೂತ್ಕೋ."

ಅವನು ಕೂರದೆ ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತ.

ಮರದ ನೆರಳು ಜನರಿಂದ ತುಂಬಿಹೋಗಿತ್ತು. ಅವರಲ್ಲಿ ಹೆಮ್ಮಿಗೆಯವರಿಗಿಂತ ಹೊರಗಿನವರೇ ಹೆಚ್ಚು; ಅವರ ಬಾಯಲ್ಲಿ ಚಿಕ್ಕಸ್ವಾಮಿ ಸೀಸೆ ಮೇಷ್ಟ್ರು. ನರಸೀಪುರದ ಗಾಡಿ ಹೊಡೆಯುವವರು, ಕುರಿ ಕಾಯುವವರು, ಕೂಲಿ ಹೆಂಗಸರು. ವೀಳ್ಯದೆಲೆ ಮಾರುವ ಚನ್ನಬಸಮ್ಮ ಬುಟ್ಟಿಯನ್ನು ಪಕ್ಕಕ್ಕಿಟ್ಟು ಕಾಲು ನೀಡಿ ಕೂತಿದ್ದಳು. ಜವರಯ್ಯ ಯಾರೆಂದು ಅವಳಿಗೆ ತಿಳಿಯದು.

"ಯಾವೂರಪ್ಪಾ? ನೀನೂ ಸೀಸೆ ಮೇಷ್ಟ್ರತ್ರ ಕಲ್ತೋನಾ?"

"ಇಲ್ಲ."

"ಅದೆಂಗ್ ತಪ್ಪಿಸ್ಕೊಂಡೆ? ನನ್ನಂತೋಳ್ನೇ ಬುಡ್ನಿಲ್ಲ ಆ ಪುಣ್ಯಾತ್ಮ." ಅವಳು ಸೆರಗಿನಿಂದ ಮೂಗೊರಸಿಕೊಂಡಳು. "ಮೊಮ್ಮಗೀಗೆ ಔಸ್ತಿ ಈಸ್ಕೊಂಡು ಆಸ್ಪತ್ರೆ ಬಾಗ್ಲಲ್ಲಿ ಬತ್ತಿದ್ದೆ. ಅಡ್ಡ ಬಂದು ನಿಂತ. 'ಯಾವ್ದು ಕುಡಿಯಕ್ಕೆ, ಯಾವ್ದು ಹಚ್ಚಕ್ಕೆ, ಯೋಳವ್ವ' ಅಂದ. 'ಕಾಂಪೌಂಡರು ಯೋಳವ್ರೆ, ಗ್ಯಾಪ್ಕ ಅದೆ' ಅಂದೆ. ಎರಡು ಸೀಸೇನೂ ಈಸ್ಕೊಂಡು ಬೆನ್ನಿಂದಕ್ಕೆ ಇಟ್ಕೊಂಡ. ತಿರುಗ್ಸಿ ಮುರುಗ್ಸಿ ಮುಂದಕ್ಕೆ ಇಡ್ದ. 'ಈಗ ಯೋಳು.' ಎಲ್ಲೀದು ಯೋಳೋದು! ಎರಡೂ ಒಂದೇ ತರ. ಬೈದೆ ನೋಡು, ಅವನ ಏಳು ತಲೆ ಕಾಣಂಗೆ ಬೈದೆ. ಅವ ನಗ್ನೂ ಇಲ್ಲ, ಸಿಟ್ಟಾಗ್ನೂ ಇಲ್ಲ. 'ಕಲ್ತು ಓಗು' ಅಂದ. 'ಎಲೆ ಬಾಡ್ತದೆ ಕಣಯ್ಯ' ಅಂದ್ರೂ ಬುಡ್ನಿಲ್ಲ. ಕಲ್ಲಿನ ಮ್ಯಾಲೆ ಇದ್ದಲಲ್ಲಿ ಬರೆದು ಬರೆದು ತೋರಿಸ್ದ. ಅವತ್ತಿನ ಎಲೆಯೆಲ್ಲ ಬಾಡೋಯ್ತು."

"ಆಮೇಲೆ?"

"ಆಮೇಲೇನು, ಮಾರನೇ ವಾರ ನಾನೇ ಓಗಿ ಕೂತ್ಕಂಡೆ."

ಸುತ್ತ ನಾಲ್ಕು ಜನ ಅಳುವಿನ ನಡುವೆಯೇ ನಕ್ಕರು. ನಂಜನಗೂಡಿನ ನಿಂಗರಾಜು ಮಾತ್ರ ನಗಲಿಲ್ಲ. ರೈಲ್ವೆ ಸ್ಟೇಷನ್ನಿನಲ್ಲಿ ಮೂಟೆ ಹೊರುವವನು. ನಸುಕಿಗೇ ಹೊರಟು ಗಾಡಿಯಲ್ಲಿ ಬಂದಿದ್ದ. ಮೂಟೆಗಳ ಮೇಲೆ ಇಂಗ್ಲಿಷಿನಲ್ಲಿ ಬರೆದ ಊರಿನ ಹೆಸರು ತಿಳಿಯದೆ ಮೈಸೂರಿನ ಮೂಟೆಯನ್ನು ಇನ್ನೆಲ್ಲಿಗೋ ಹಾಕಿ ಏಟು ತಿಂದಿದ್ದನಂತೆ. ಒಂದು ವರ್ಷ, ಪ್ರತಿ ಅಮಾವಾಸ್ಯೆಯ ರಜಕ್ಕೆ ನಡೆದು ಬಂದು ಕಲಿತನಂತೆ.

"ಈಗ ಗೂಡ್ಸ್ ಬಾಬೂನೇ ನನ್ ಕರ್ದು ಓದಿಸ್ತಾರೆ," ಎಂದ ನಿಂಗರಾಜು. ಆಮೇಲೆ ಎದ್ದು ಮಾದಪ್ಪನ ಮುಂದೆ ನಿಂತ. "ಯಜಮಾನ್ರೇ, ನಮಗೂ ಒಂದೊಂದು ಮಾರು ಎಗಲು ಕೊಡಕ್ಕೆ ಬುಡಿ. ನೆಂಟ್ರಲ್ಲ ಅಂತ ಅನ್ಬೇಡಿ."

ಮಾದಪ್ಪ ಅವನನ್ನೂ ಅವನ ಹಿಂದೆ ಎದ್ದು ನಿಂತ ಮೂವತ್ತು ನಲವತ್ತು ಜನರನ್ನೂ ನೋಡಿದ. "ಊರ ಬಾಗ್ಲು ದಾಟ್ಲಿ. ಆಮೇಲೆ ನೀವೇ ಒತ್ಕಳಿ," ಎಂದ.

*

ಆಗ ಜವರಯ್ಯನಿಗೆ ಹದಿನೇಳು. ಅಕ್ಕನಿಗೆ ಜ್ವರವೆಂದು ಕೇಳಿ, ಮನೆಯ ಕೆಲಸಕ್ಕೆ ಕೈಯಾಸರೆಯಾಗಲೆಂದು ಬಂದಿದ್ದ. ಭಾವ ನರಸೀಪುರದ ಆಸ್ಪತ್ರೆಗೆ ನಡೆದುಹೋಗಿ ಎರಡು ಸೀಸೆ ತಂದಿದ್ದ. ಎರಡೂ ಮನೆಯಿಂದ ಒಯ್ದ ಸೀಸೆಗಳೇ. ಎರಡಕ್ಕೂ ಇಂಗ್ಲಿಷಿನ ಚೀಟಿ ಅಂಟಿಸಿತ್ತು.

"ಎಡಗಡೇದು ಕುಡಿಯಕ್ಕೆ. ಬಲಗಡೇದು ಮಂಡಿಗೆ ತಿಕ್ಕಕ್ಕೆ. ಕಾಂಪೌಂಡರು ಎರಡೆರಡು ಸಲ ಯೋಳವ್ರೆ, ತಪ್ಪಬಾರ್ದು," ಎಂದು ಗೂಡಿನಲ್ಲಿಟ್ಟು, ಗದ್ದೆಗೆ ನೀರು ಕಟ್ಟುವ ಸರದಿ ಬಂದಿದೆಯೆಂದು ಹೋದ.

ಮಧ್ಯಾಹ್ನ ಕೂಸು ಗೂಡಿಗೆ ಕೈ ಹಾಕಿತು. ಜವರಯ್ಯ ಸೀಸೆಗಳನ್ನು ಅಟ್ಟದ ಮೇಲಿಟ್ಟ. ಸ್ವಲ್ಪ ಹೊತ್ತಿಗೆ ಅಕ್ಕ ನರಳಿದಳು. ಸೀಸೆಗಳನ್ನು ಕೆಳಗಿಳಿಸಿದವನಿಗೆ ಯಾವುದು ಎಡಗಡೆಯದೆಂದು ತಿಳಿಯಲಿಲ್ಲ. ಚೀಟಿಗಳನ್ನು ನೋಡಿದ. ಎರಡರ ಮೇಲೂ ಕರಿ ಇರುವೆ ಹರಿದ ಹಾಗೆ ಏನೋ ಇತ್ತು. ಗದ್ದೆಗೆ ಓಡಿಹೋಗಿ ಕೇಳಬಹುದಿತ್ತು. ಇಷ್ಟೂ ನೆನಪಿಲ್ಲವೇ ಎಂದು ಭಾವ ನಗುತ್ತಾನೆಂದು ನಾಚಿಕೆಯಾಯಿತು. ಒಂದನ್ನು ಲೋಟಕ್ಕೆ ಬಗ್ಗಿಸಿದ.

"ಕರ್ಪೂರದ ವಾಸ್ನೆ ಬತ್ತದಲ್ಲೋ," ಎಂದಳು ಅಕ್ಕ.

"ಆಸ್ಪತ್ರೆ ಔಸ್ತಿಯೆಲ್ಲ ಅಂಗೇ ಕಣಕ್ಕ. ಕುಡಿ."

ಅವಳು ಕುಡಿದಳು. ತಮ್ಮ ಕೊಟ್ಟನೆಂದು ಕುಡಿದಳು.

ಭಾವ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಲೋಟವನ್ನು ಮೂಸಿ ನೋಡಿದವನಿಗೆ ತಿಳಿಯಿತು. ಪಟೇಲರೂ ಪೊಲೀಸಿನವರೂ ಬಂದು ಕುಡಿಸಿದವರಾರು ಎಂದು ಕೇಳಿದಾಗ ಜವರಯ್ಯ ಕೂಸನ್ನೆತ್ತಿಕೊಂಡು ಭಾವನ ಪಕ್ಕದಲ್ಲೇ ನಿಂತಿದ್ದ.

"ನಾನೇ ಸ್ವಾಮಿ," ಎಂದ ಚಿಕ್ಕಸ್ವಾಮಿ.

ಕೈತಪ್ಪಿ ಆದದ್ದೆಂದು ಬರೆದುಕೊಂಡು ಅವರು ಹೋದರು. ಜವರಯ್ಯನ ತಾಯಿ ಅಳಿಯನ ಮುಖಕ್ಕೆ ಮಣ್ಣು ತೂರಿ ಶಪಿಸಿದಳು. ಅವನು ಕಣ್ಣು ಮುಚ್ಚಿಕೊಂಡು ನಿಂತಿದ್ದ. ಆಮೇಲೆ ಹಿತ್ತಲಲ್ಲಿ ಜವರಯ್ಯನ ಕೈ ಹಿಡಿದು ಹೇಳಿದ್ದು ಇಷ್ಟೇ: "ಬಾಯಿ ಬುಡ್ಬೇಡ. ಗೂಡಲ್ಲಿ ಇಟ್ಟು ಗದ್ದೆಗೆ ಓಗಿದ್ದೋನು ನಾನು. ಮನೇಲಿದ್ರೂ ಇದೇ ಆಗ್ತಿತ್ತು. ನಂಗೂ ಓದಕ್ಕೆ ಬರಕ್ಕಿಲ್ಲ."

ತಿಥಿ ಮುಗಿದ ಮರುದಿನ ಚಿಕ್ಕಸ್ವಾಮಿ ಆಸ್ಪತ್ರೆಗೆ ಹೋಗಿ ಕಾಂಪೌಂಡರ ಮುಂದೆ ಕೂತ. ಚೀಟಿಯ ಮೇಲಿರುವುದನ್ನು ಓದಲು ಕಲಿಸಿಕೊಡಿ ಎಂದ. ಮೂವತ್ತು ವರ್ಷದ ರೈತನಿಗೆ ಇಂಗ್ಲಿಷೇ, ಮೊದಲು ಕನ್ನಡ ಕಲಿ ಎಂದು ಅವರು ನಕ್ಕರು. ಸರಿ ಎಂದ. ಬೇಸಾಯದ ನಡುವೆ ಬಿಡುವಾದಾಗಲೆಲ್ಲ ನಡೆದು ಹೋಗಿ, ರೋಗಿಗಳಿಗೆ ಬಾವಿಯಿಂದ ನೀರು ಸೇದಿಕೊಟ್ಟು, ಮಧ್ಯಾಹ್ನ ಕಾಂಪೌಂಡರ ಊಟವಾದ ಮೇಲೆ ಪಾಠ ಹೇಳಿಸಿಕೊಂಡ. ಕನ್ನಡಕ್ಕೆ ಒಂದು ವರ್ಷ, ಇಂಗ್ಲಿಷಿಗೆ ಎರಡು. ನಾಲ್ಕನೇ ವರ್ಷ ಆಸ್ಪತ್ರೆಯ ಬಾಗಿಲಲ್ಲಿ ತಾನೇ ಕಲಿಸಲು ಕೂತ. ದೊಡ್ಡವರಿಗೂ ಓದು ಕಲಿಸಬೇಕೆಂದು ಮಹಾರಾಜರ ಸರ್ಕಾರ ಊರೂರಲ್ಲಿ ಶಾಲೆ ತೆರೆಯತೊಡಗಿದ್ದು ಈಗೆರಡು ವರ್ಷದಿಂದ. ಅಷ್ಟರಲ್ಲಿ ಸೀಸೆ ಮೇಷ್ಟ್ರ ಬಳಿ ಕಲಿತವರ ಮಕ್ಕಳೂ ಕಲಿತಾಗಿತ್ತು.

*

ಹೆಣ ಹೊಳೆಯ ದಾರಿ ಹಿಡಿಯಿತು. ಊರ ಬಾಗಿಲು ದಾಟಿದ್ದೇ ನಿಂಗರಾಜು ಮುಂದಿನ ಬಿದಿರಿಗೆ ಹೆಗಲು ಕೊಟ್ಟ. ಹತ್ತು ಹೆಜ್ಜೆಗೊಬ್ಬ ಬದಲಾದ. ಜವರಯ್ಯ ಎಲ್ಲರಿಗಿಂತ ಹಿಂದೆ ನಡೆಯುತ್ತಿದ್ದ.

"ನೀನ್ ಎಗಲು ಕೊಡಕ್ಕಿಲ್ವಾ?" ಎಂದು ಚನ್ನಬಸಮ್ಮ ತಿರುಗಿ ಕೇಳಿದಳು. ಅಷ್ಟರಲ್ಲಿ ಅವಳಿಗೆ ಯಾರೋ ಹೇಳಿದ್ದರು. "ಇನ್ನೂ ಸಿಟ್ಟು ಇಳೀನಿಲ್ವಾ ನಿಂಗೆ?"

ಅವನು ತಲೆ ತಗ್ಗಿಸಿ ನಡೆದ.

*

ಸುಗ್ಗಿ ಮುಗಿದ ಮೇಲೆ ವರ್ಷಕ್ಕೊಮ್ಮೆ ಚಿಕ್ಕಸ್ವಾಮಿ ಮುಡುಕುತೊರೆಗೆ ಬರುತ್ತಿದ್ದ. ಅವನು ಓಣಿಯಲ್ಲಿ ಕಂಡೊಡನೆ ಜವರಯ್ಯ ಹಿತ್ತಲ ಬಾಗಿಲಿನಿಂದ ಹೊಲಕ್ಕೆ ಹೋಗಿಬಿಡುತ್ತಿದ್ದ. ಹೆಂಡತಿ ಕೊಟ್ಟ ಮಜ್ಜಿಗೆ ಕುಡಿದು, ಸಂಜೆಯವರೆಗೆ ಕಾದು, ಭಾವ ಎದ್ದು ಹೋಗುತ್ತಿದ್ದ. ಹದಿನಾರು ಸಲ ಹೀಗಾಯಿತು. ಕಳೆದ ವರ್ಷ ಹಿತ್ತಲ ಕಡೆಯಿಂದಲೇ ಬಂದ.

"ನಿನ್ ತಪ್ಪಿಲ್ಲ ಅಂತ ಯೋಳಕ್ಕೆ ಬಂದಿಲ್ಲ ಕಣೋ ಜವರ," ಎಂದ. "ಅಕ್ಷರ ಕಲಿಸಕ್ಕೆ ಬಂದಿವ್ನಿ."

"ನಾನ್ ಕಲ್ತರೆ ಅಕ್ಕ ಎದ್ ಬತ್ತಳಾ?"

"ಬರಕ್ಕಿಲ್ಲ. ನಾನು ಕಲ್ತೆ. ಬರ್ನಿಲ್ಲ." ಭಾವ ಬದುವಿನ ಮೇಲೆ ಕೂತು ಉಸಿರು ತೆಗೆದುಕೊಂಡ. ಆಗಲೇ ದಮ್ಮು ಕಟ್ಟುತ್ತಿತ್ತು. "ನಿನ್ ಮನೇಲೂ ಸೀಸೆ ಅದೆ. ನಿನ್ ಮಕ್ಕಳ್ಗೂ ಜ್ವರ ಬತ್ತದೆ."

"ನಿನ್ ಮುಂದೆ ಕೂರಕ್ಕೆ ನಂಗಾಗಕ್ಕಿಲ್ಲ ಬಾವ."

"ಆದಾಗ ಬಾ. ಆಗ್ನಿಲ್ಲ ಅಂದ್ರೆ ಮುಂದಿನ ಸುಗ್ಗಿಗೆ ನಾನೇ ಬತ್ತೀನಿ."

ಈ ಸುಗ್ಗಿ ಮುಗಿಯಿತು. ಓಣಿಯ ಕಡೆಗೂ ಹಿತ್ತಲ ಕಡೆಗೂ ನೋಡುತ್ತ ಜವರಯ್ಯ ಹದಿನೈದು ದಿನ ಕಾದ. ಬಂದದ್ದು ಸಾವಿನ ಸುದ್ದಿ.

*

ಗುಂಡಿಗೆ ಹೆಣ ಇಳಿಸಿದರು. ಮಾದಪ್ಪ ಮೊದಲ ಹಿಡಿ ಮಣ್ಣು ಹಾಕಿ, ಕೈ ಕೊಡವಿ, ಎಲ್ಲರಿಗೂ ಕೇಳುವಂತೆ ಹೇಳಿದ:

"ನನ್ ತಮ್ಮ ಕೈಯಾರೆ ಎಡ್ತೀನ ಕಳ್ಕೊಂಡ. ಇಪ್ಪತ್ತೆರಡು ವರ್ಷ ಅಕ್ಷರ ಕಲ್ತು, ಜನಕ್ಕೂ ಕಲ್ಸಿ ಆ ಪಾಪ ತೊಳ್ಕೊಂಡೋದ. ಇನ್ ಮ್ಯಾಲೆ ಯಾರೂ ಆ ಮಾತು ಎತ್ಬೇಡಿ."

ಜನ ಹೌದೆಂದು ತಲೆಯಾಡಿಸಿದರು. ಮಂಗಳಮ್ಮ ಸೆರಗು ಬಾಯಿಗೊತ್ತಿಕೊಂಡಳು. ಮುಂದಿನ ಸರದಿ ಜವರಯ್ಯನದು. ಅವನು ಬಗ್ಗಿ ಮಣ್ಣು ಹಿಡಿದ. ಮುಷ್ಟಿ ಬಿಚ್ಚಲಾಗಲಿಲ್ಲ.

"ಎತ್ಬೇಕು," ಎಂದ.

"ಏನ್ಲಾ?"

"ಆ ಮಾತು ಎತ್ಬೇಕು ಮಾದಪ್ಪ. ಬಾವ ಯಾವ ಪಾಪಾನೂ ಮಾಡ್ನಿಲ್ಲ. ಅವತ್ತು ಮನೇಲೇ ಇರ್ನಿಲ್ಲ, ನೀರು ಕಟ್ಟಕ್ಕೆ ಓಗಿದ್ದ. ಅಕ್ಕಂಗೆ ಕುಡ್ಸಿದ್ದು ನಾನು."

ಮಾದಪ್ಪ ಗುಂಡಿಯಂಚಿನಿಂದ ಅವನತ್ತ ತಿರುಗಿದ.

"ಪಟೇಲರ ಮುಂದೆ ಅವನೇ ಒಪ್ಕಂಡನಲ್ಲೋ!" ಎಂದ ಮಾದಪ್ಪ.

"ಒಪ್ಕಂಡ. ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬುಡ್ನಿಲ್ಲ. ನಮ್ಮವ್ವ ಮಣ್ಣು ತೂರ್ದಾಗ್ಲೂ ಬುಡ್ನಿಲ್ಲ. ಇವತ್ತಿನ ಗಂಟ ಬುಡ್ನಿಲ್ಲ."

ನಿಂಗರಾಜು ಎರಡು ಹೆಜ್ಜೆ ಮುಂದೆ ಬಂದು ಜವರಯ್ಯನ ರೆಟ್ಟೆ ಹಿಡಿದ. "ದೂರ ಸರ್ಕೋ. ಈ ಮಣ್ಣು ಮುಟ್ಟಬೇಡ ನೀನು." ಅವನ ಹಿಂದೆ ಗುಂಪು ಗುಲ್ಲೆಂದಿತು. ಚನ್ನಬಸಮ್ಮ ಬೈಯಲು ಬಾಯಿ ತೆರೆದವಳು ಮಂಗಳಮ್ಮನ ಮುಖ ನೋಡಿ ಸುಮ್ಮನಾದಳು.

ಮಂಗಳಮ್ಮ ಗುಂಡಿಯನ್ನು ಬಳಸಿಕೊಂಡು ಬಂದು ಅವನೆದುರು ನಿಂತಳು. ಅಳುತ್ತಿರಲಿಲ್ಲ.

"ಒಂಬತ್ತು ವರ್ಷದೋಳಾಗಿದ್ದಾಗ ಅಪ್ಪನ್ನ ಕೇಳ್ದೆ ಮಾವ. ಅವ್ವಂಗೆ ನೀನೇ ಕುಡ್ಸಿದ್ದಾ ಅಂತ. ಊಂ ಕಣವ್ವ ಅಂದ. ಅವತ್ತಿಂದ ಒಂದ್ ವರ್ಷ ಅವನ ಕೈಲಿ ನಾನು ನೀರು ಈಸ್ಕೊಂಡು ಕುಡೀನಿಲ್ಲ. ಅವ ಲೋಟ ಹಿಡ್ಕೊಂಡು ಬತ್ತಿದ್ದ, ನಾನು ಓಡೋಗಿ ಮಡಕೇಲಿ ನಾನೇ ಬಗ್ಗಿಸ್ಕೊಳ್ತಿದ್ದೆ. ಆಗ್ಲೂ ಯೋಳ್ನಿಲ್ಲ ಅವ." ಅವಳು ಗುಂಡಿಯ ಕಡೆಗೊಮ್ಮೆ ನೋಡಿದಳು. "ನಿಂಗಾದ್ರೂ ಬಂದು ಯೋಳಕ್ಕೆ ಆಗ್ತಿತ್ತು."

"ಆಗ್ತಿತ್ತು ಕಣವ್ವ," ಎಂದ ಜವರಯ್ಯ.

"ಬುಡು ನಿಂಗರಾಜಣ್ಣ ಅವನ ಕೈಯ," ಎಂದಳು. "ಅಪ್ಪ ಅವನ ಬಾಗ್ಲಿಗೆ ಅಷ್ಟು ಸಲ ಓಗವ್ನೆ. ನಾವು ಅಟ್ಟಕ್ಕಾಗಕ್ಕಿಲ್ಲ. ಆಕು ಮಾವ ಮಣ್ಣ."

ಅವನು ಮುಷ್ಟಿ ಬಿಚ್ಚಿದ. ಮಣ್ಣು ಬೆವರಿಗೆ ಮುದ್ದೆಯಾಗಿತ್ತು. ಎರಡನೆಯ ಹಿಡಿ ಹಾಕಿದ, ಮೂರನೆಯದು ಹಾಕಿದ. ಆಮೇಲೆ ಸನಿಕೆ ಎತ್ತಿಕೊಂಡು, ಯಾರು ಕೇಳಿದರೂ ಕೊಡದೆ, ಗುಂಡಿ ಮುಚ್ಚುವವರೆಗೂ ಮಣ್ಣು ಎಳೆದ.

ಜನ ಹೊಳೆಗಿಳಿದು ಸ್ನಾನ ಮಾಡಿದರು. ಯಾರೂ ಜವರಯ್ಯನ ಹತ್ತಿರ ನಿಲ್ಲಲಿಲ್ಲ. ಅವನು ದೂರದಲ್ಲಿ ಒಬ್ಬನೇ ಮೂರು ಮುಳುಗು ಹಾಕಿ, ತೊಯ್ದ ಪಂಚೆಯಲ್ಲಿ ದಡ ಹತ್ತಿ ತನ್ನೂರಿನ ದಾರಿ ಹಿಡಿಯುವುದರಲ್ಲಿದ್ದ.

"ಎಲ್ಲಿಗೆ?" ಎಂದಳು ಹಿಂದಿನಿಂದ ಮಂಗಳಮ್ಮ. ಅವಳ ಸೀರೆಯಿಂದಲೂ ನೀರಿಳಿಯುತ್ತಿತ್ತು. "ಅಕ್ಷರ ಬತ್ತದಾ ನಿಂಗೆ?"

"ಇಲ್ಲ."

"ಒಂದೂ?"

"ಒಂದೂ ಇಲ್ಲ."

"ಕೂತ್ಕೋ."

"ಇವತ್ತಾ?" ಎಂದ ಅವನು.

"ಇನ್ಯಾವತ್ತು? ಮುಂದಿನ ಸುಗ್ಗಿಗಾ?"

ಅವನು ಕೂತ. ಅವಳೂ ಎದುರಿಗೆ ಕೂತು, ಒದ್ದೆ ಮರಳನ್ನು ಸಮಮಾಡಿ ಬೆರಳಲ್ಲಿ ಒಂದು ಅಕ್ಷರ ಬರೆದಳು. "ಜ. ನಿನ್ನೆಸರಿಂದು. ಬರಿ."

ನಲವತ್ತರ ಹತ್ತಿರದ, ನೇಗಿಲ ಮೇಣಿ ಹಿಡಿದು ಒರಟಾದ ಬೆರಳು ಮರಳಿಗೆ ಇಳಿಯಿತು. ಸುತ್ತಿ ಬರಬೇಕಾದ ಗೆರೆ ಎಲ್ಲೋ ಹೋಗಿ ನಿಂತಿತು. ಮಂಗಳಮ್ಮ ಮಾತಾಡದೆ ಅಂಗೈಯಿಂದ ಅಳಿಸಿದಳು.

"ಮಂಗ್ಳಾ, ಮನೇಲಿ ದೀಪ ನೋಡ್ಬೇಕು, ಒತ್ತಾಯ್ತು!" ಎಂದು ಮಾದಪ್ಪ ದಡದ ಮೇಲಿನಿಂದ ಕೂಗಿದ. ಹೆಣದ ಜೊತೆ ಬಂದವರು ಒಟ್ಟಾಗಿಯೇ ಹಿಂತಿರುಗಬೇಕು. ಅವಳು ತಿರುಗಿ ನೋಡಲಿಲ್ಲ. ಜವರಯ್ಯ ಮತ್ತೆ ಬರೆದ. ಅವಳು ಮತ್ತೆ ಅಳಿಸಿದಳು. ಅವನ ಕಣ್ಣಿನಿಂದ ನೀರು ಮೂಗಿನ ತುದಿಗಿಳಿದು ಮರಳಿಗೆ ಬಿತ್ತು. ಅವಳು ಅದನ್ನೂ ಸೇರಿಸಿ ಸವರಿ ಸಮಮಾಡಿದಳು.

ದಡದ ಮೇಲೆ ನಲವತ್ತು ಐವತ್ತು ಜನ ಬಿಸಿಲಿನಲ್ಲಿ ನೀರಿಳಿಯುವ ಬಟ್ಟೆಯಲ್ಲೇ ನಿಂತಿದ್ದರು. ಚನ್ನಬಸಮ್ಮ ಬುಟ್ಟಿ ಇಳಿಸಿ ಅಲ್ಲೇ ಕೂತುಬಿಟ್ಟಳು. ನಿಂಗರಾಜು ಕೈಕಟ್ಟಿಕೊಂಡು ಮುಖ ತಿರುಗಿಸಿ ನಿಂತಿದ್ದವನು, ಮೂರನೆಯ ಸಲಕ್ಕೆ ಕತ್ತು ಚಾಚಿ ಮರಳಿನ ಕಡೆ ನೋಡಿದ.

"ಇನ್ನೊಂದ್ಸಲ," ಎಂದು ಮಂಗಳಮ್ಮ ಜವರಯ್ಯನ ಬೆರಳನ್ನು ಗಟ್ಟಿಯಾಗಿ ಹಿಡಿದು, ಗೆರೆ ಶುರುವಾಗುವ ಜಾಗಕ್ಕೆ ಒತ್ತಿದಳು.