ಕಮ್ಮಿ ಮಾಡ್ಲಾ?

ನುಗ್ಗೇಹಳ್ಳಿ ಹತ್ತಿರದ ತೆಂಗಿನ ನಾರಿನ ಮಿಲ್ಲಿನಲ್ಲಿ ನಾಲ್ಕು ವರ್ಷ ದುಡಿದ ಶೋಭಿತಾಳ ಕಿವಿಯೊಳಗೆ ಗುಂಯ್ ಎನ್ನುವ ಒಂದು ಸದ್ದು ಬಂದು ಕೂತುಬಿಟ್ಟಿತ್ತು. ಮಿಲ್ಲು ನಿಂತರೂ ಅದು ನಿಲ್ಲುತ್ತಿರಲಿಲ್ಲ. ಮೆಲ್ಲನೆಯ ಸಂಗೀತ ಕೇಳುತ್ತಿದ್ದರೆ ಕೊಂಚ ಮರೆಯಾದೀತು ಎಂದಿದ್ದರು ಡಾಕ್ಟರು. ಫೋನಿನಲ್ಲಿ ಕೇಳೋಣವೆಂದರೆ ನಡುವೆ ಕಾಲ್ ಬಂದು ಕಿವಿಗೆ ಸೂಜಿ ಚುಚ್ಚಿದಂತಾಗುತ್ತಿತ್ತು. ಹಾಡಿಗೆಂದೇ ಒಂದು ಪುಟ್ಟ ಪ್ಲೇಯರ್ ಕೊಳ್ಳಲು ಭಾನುವಾರ ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನ ಎದುರಿಗಿದ್ದ ಷಡಕ್ಷರಿಯ ಅಂಗಡಿಗೆ ಹೋದಳು.

ಷಡಕ್ಷರಿ ಮೂರನ್ನು ಮುಂದಿಟ್ಟ. ಮೊದಲನೆಯದರಲ್ಲಿ ಹಾಡು ತಗಡು ಬಡಿದಂತಿತ್ತು. ಎರಡನೆಯದರಲ್ಲಿ ತಾಳದ ಪೆಟ್ಟು ನೇರ ಎದೆಗೆ ಬೀಳುತ್ತಿತ್ತು. ಮೂರನೆಯದರ ಅಂಚಿನ ಬಣ್ಣ ಹೋಗಿತ್ತು.

"ಇದು ಸೆಕೆಂಡ್ ಹ್ಯಾಂಡು. ಆದ್ರೆ ಸೌಂಡು ಬಲು ಹಿತ, ಕೇಳ್ನೋಡಿ" ಎಂದ.

ಇಯರ್‌ಫೋನ್ ಇಟ್ಟುಕೊಂಡಳು. ಕೊಳಲು ಮೆಲ್ಲಗೆ ಶುರುವಾಯಿತು. ಅದರ ಹಿಂದಿನಿಂದ ಒಂದು ಹೆಣ್ಣು ದನಿ ಕೇಳಿತು:

"ಜಾಸ್ತಿ ಆಯ್ತಾ? ಕಮ್ಮಿ ಮಾಡ್ಲಾ?"

ಮಾತಾಡುವಂಥ ಯಂತ್ರವಿರಬೇಕು ಎಂದುಕೊಂಡು "ಊಂ" ಎಂದಳು. ಕಿವಿಯೊಳಗಿನ ಗುಂಯ್ ತಟ್ಟನೆ ನಿಂತುಹೋಯಿತು. ಶೋಭಿತಾಳ ಕಣ್ಣಲ್ಲಿ ನೀರು ಬಂತು. ಚೌಕಾಸಿಯನ್ನೂ ಮಾಡದೆ ಕೊಂಡಳು.

ಬಸ್ಸಿನಲ್ಲಿ ದನಿ ಮತ್ತೆ ಕೇಳಿತು, ಊಂ ಎಂದಳು, ಹಾರ್ನ್ ಅಡಗಿತು. ಮನೆಯಲ್ಲಿ ಕೇಳಿತು, ಪಕ್ಕದ ಮನೆಯ ಟಿವಿ ಅಡಗಿತು, ನಾಯಿಯ ಬೊಗಳು ಅಡಗಿತು. ಇಯರ್‌ಫೋನ್ ತೆಗೆದಿಟ್ಟರೂ ಅವು ಮರಳಲಿಲ್ಲ. ನಾಯಿ ಬಾಗಿಲಲ್ಲಿ ನಿಂತು ಸುಮ್ಮನೆ ಬಾಯಿ ತೆರೆದು ಮುಚ್ಚುತ್ತಿತ್ತು. ಮೈ ಜುಮ್ಮೆಂದರೂ ಇಷ್ಟು ದಿನದ ಮೇಲೆ ಸಿಕ್ಕ ನೆಮ್ಮದಿಯನ್ನು ಬಿಡಲು ಅವಳಿಗೆ ಮನಸ್ಸು ಬರಲಿಲ್ಲ.

ಗುರುವಾರ ಸಂಜೆ ತಾಯಿ ಮಾದಮ್ಮ ಒಲೆಯ ಮುಂದಿನಿಂದ ಒಂದೇ ಸಮನೆ ಗೊಣಗುತ್ತಿದ್ದಳು. "ಯಾವಾಗ್ಲೂ ಕಿವೀಗೆ ಅದ್ನ ತುರುಕ್ಕಂಡ್ ಕೂತಿರ್ತೀಯ. ಸೊಪ್ಪು ಬುಡ್ಸಿಕೊಡು ಅಂತ ಎಷ್ಟ್ ದಪ ಅನ್ಲಿ?"

"ಅವ್ವನ ದನಿ ಜೋರಾಯ್ತಾ?" ಎಂದಿತು ಕಿವಿಯೊಳಗಿನ ದನಿ. "ಕಮ್ಮಿ ಮಾಡ್ಲಾ?"

ಬೇಸರದಲ್ಲಿ, ಯೋಚಿಸದೆ, "ಊಂ" ಅಂದುಬಿಟ್ಟಳು.

ಮಾದಮ್ಮನ ತುಟಿ ಆಡುತ್ತಲೇ ಇತ್ತು. ಶೋಭಿತಾ ಇಯರ್‌ಫೋನ್ ಕಿತ್ತಳು. ಸಾರು ಕುದಿಯುವುದು ಕೇಳುತ್ತಿತ್ತು, ಅವ್ವನ ಬಳೆ ಕೇಳುತ್ತಿತ್ತು. ಅವ್ವನ ಮಾತು ಮಾತ್ರ ಇಲ್ಲ.

"ಅವ್ವಾ, ಇನ್ನೊಂದ್ ಸಲ ಯೋಳು."

ಮಾದಮ್ಮ ಅವಳ ಹಣೆ ಮುಟ್ಟಿ ಏನೋ ಕೇಳಿದಳು. ಏನೆಂದು ತಿಳಿಯಲಿಲ್ಲ.

ಮರುದಿನ ಯಾರಿಗೂ ಹೇಳದೆ ಮೊದಲ ಬಸ್ಸಿಗೇ ಅಂಗಡಿಗೆ ಹೋದಳು. ಷಡಕ್ಷರಿ ಪ್ಲೇಯರನ್ನು ಕಿವಿಗಿಟ್ಟು ನೋಡಿದ, ಕಂಪ್ಯೂಟರಿಗೆ ಸಿಕ್ಕಿಸಿ ನೋಡಿದ.

"ಇದ್ರಲ್ಲಿ ಒಂದ್ ಹಾಡೂ ಇಲ್ವಲ್ಲಮ್ಮ. ಇಷ್ಟು ದಿನ ಏನ್ ಕೇಳ್ತಿದ್ರಿ ನೀವು?"

"ಮೊದ್ಲು ಯಾರ್ದಾಗಿತ್ತು?"

"ಗೊತ್ತಿಲ್ಲ. ಹಳೇ ಫೋನಿನ ಮೂಟೇಲಿ ಬಂದಿದ್ದು."

ಶೋಭಿತಾ ಅದನ್ನು ಈಸಿಕೊಂಡು ಕಿವಿಗಿಟ್ಟಳು. ಕೊಳಲು ಹಾಗೇ ನುಡಿಯುತ್ತಿತ್ತು.

"ನಮ್ಮವ್ವನ ದನಿ ಕೊಡು" ಎಂದಳು.

ದನಿ ತೀರಾ ಹತ್ತಿರದಿಂದ ಬಂತು: "ಒಂದ್ನೇ ಕೊಡಕ್ಕಾಗಲ್ಲ. ಎಲ್ಲಾನೂ ಒಟ್ಗೇ ಬುಡ್ಬೇಕಾಯ್ತದೆ. ತಡ್ಕತೀಯಾ?"

"ತಡ್ಕತೀನಿ. ಬುಡು."

ಇಡೀ ಬಸ್ ಸ್ಟ್ಯಾಂಡೇ ತಲೆಯೊಳಕ್ಕೆ ನುಗ್ಗಿದಂತಾಯಿತು. ಹಾರ್ನು, ಕಂಡಕ್ಟರರ ಕೂಗು, ಮೊನ್ನೆ ಮನೆಯಲ್ಲಿ ಅಡಗಿದ್ದ ನಾಯಿಯ ಬೊಗಳು, ಎಲ್ಲದರ ಅಡಿಯಲ್ಲಿ ಅದೇ ಗುಂಯ್. ಇಯರ್‌ಫೋನ್ ಕಿತ್ತು, ಪ್ಲೇಯರನ್ನು ಗಾಜಿನ ಕೌಂಟರಿನ ಮೇಲಿಟ್ಟು, ಕಿವಿ ಮುಚ್ಚಿಕೊಂಡು ಅಂಗಡಿಯ ಮೆಟ್ಟಿಲ ಮೇಲೆ ಕೂತಳು.

"ಇದ್ನ ಯಾರ್ಗೂ ಮಾರ್ಬೇಡಿ ಅಣ್ಣ."

ಬಿಳಿಚಿದ ಅವಳ ಮುಖ ನೋಡಿದ ಷಡಕ್ಷರಿ, ಅದರತ್ತ ಚಾಚಿದ್ದ ಕೈ ಹಿಂದೆಗೆದ.

ಫೋನು ಹೊಡೆದುಕೊಂಡಿತು. ಮಾದಮ್ಮ. "ಎಲ್ಲೋದೆ ಯೋಳ್ದೆ ಕೇಳ್ದೆ? ಇಟ್ಟು ಆರೋಯ್ತಾ ಐತೆ."

"ಅವ್ವಾ, ಮಾತಾಡ್ತಾ ಇರು."

"ಏನ್ ಮಾತಾಡ್ಲಿ?"

"ಏನಾರ. ಬೈಯಿ."

ಮಾದಮ್ಮನಿಗೆ ಅದು ಕಷ್ಟದ ಕೆಲಸವಾಗಿರಲಿಲ್ಲ. ನುಗ್ಗೇಹಳ್ಳಿ ಬಸ್ಸು ಬಂದು, ಮಗಳು ಹತ್ತಿ ಕಿಟಕಿಯ ಪಕ್ಕ ಕೂತು, ಟಿಕೆಟ್ ತೆಗೆದುಕೊಳ್ಳುವವರೆಗೂ ಬೈದಳು.