ಇನ್ನೂರ ನಲವತ್ತೊಂಬತ್ತನೆಯ ಗೆರೆ

ಮೂರನೆಯ ಟಿವಿಯ ಗಾಜಿನ ಮೂಲೆಯಲ್ಲಿ ಕುಳಿತಿದ್ದ ಧೂಳನ್ನು ಒದ್ದೆ ಬಟ್ಟೆಯಿಂದ ತಿಕ್ಕುತ್ತಿದ್ದೆ. ಹಿಂದಿನ ಮೇಜಿನಿಂದ ವಿನೋದಿನಿ ಕೂಗಿದಳು.

"ಅಕ್ಕಾ, ಅಂಚೇ ಹೋಯ್ತು!"

"ಹಿಂದಿನ ಗುಂಡಿ ತಿರುಗಿಸೇ. ಹೈಟ್ ಜಾಸ್ತಿ ಆಗಿರತ್ತೆ."

"ಗುಂಡಿ ಅಲ್ಲ ಮಾರಾಯ್ರೆ, ಬಂದು ನೋಡಿ ಒಮ್ಮೆ."

ಅದು ೧೯೮೭. ಚೆಂಬೂರಿನ ಒಂದು ಗಾಲಾದಲ್ಲಿ, ಅಂದರೆ ಸಣ್ಣ ಕಾರ್ಖಾನೆಯ ಕೋಣೆಯಲ್ಲಿ, ನಮ್ಮ ಕಂಪನಿ ಟಿವಿಗೆ ಹಚ್ಚಿ ಬಳಸುವ ಮನೆ ಕಂಪ್ಯೂಟರುಗಳನ್ನು ಜೋಡಿಸುತ್ತಿತ್ತು. ಚಿತ್ರ ಬರೆಯುವ ವಿಡಿಯೋ ಚಿಪ್ ಹೊರದೇಶದಿಂದ ಬರುತ್ತಿತ್ತು. ಅವನ್ನು ಒಂದೊಂದಾಗಿ ಪರೀಕ್ಷಿಸುವುದು ನಮ್ಮಿಬ್ಬರ ಕೆಲಸ. ನಾನು ಐವತ್ತು ದಾಟಿದ ಹಿರಿಯ ಟೆಸ್ಟರ್. ವಿನೋದಿನಿ ಉಡುಪಿ ಕಡೆಯ ಹುಡುಗಿ, ಸೇರಿ ಎಂಟು ತಿಂಗಳಾಗಿತ್ತು.

ಆ ಕಂಪ್ಯೂಟರಿನ ಚಿತ್ರ ಪರದೆಯ ನಡುವೆ ಮಾತ್ರ ಬರುತ್ತಿತ್ತು. ಸುತ್ತ ನಾಲ್ಕೂ ಕಡೆ ಸೀರೆಯ ಅಂಚಿನ ಹಾಗೆ ಅಗಲವಾದ ನೀಲಿ ಪಟ್ಟಿ. ಅಲ್ಲಿ ಏನನ್ನೂ ಬರೆಯಲಾಗದು ಎಂದು ಕೈಪಿಡಿಯಲ್ಲಿ ಅಚ್ಚಾಗಿತ್ತು. ವಿನೋದಿನಿಯ ಟಿವಿಯಲ್ಲಿ ಮೇಲಿನ ಪಟ್ಟಿಯೂ ಇಲ್ಲ, ಕೆಳಗಿನದೂ ಇಲ್ಲ. ನಮ್ಮ ಪರೀಕ್ಷೆಯ ಹಳದಿ ಚೆಂಡು ಪಟ್ಟಿ ಇರಬೇಕಾದ ಜಾಗದಲ್ಲಿ ಆರಾಮಾಗಿ ಓಡಾಡುತ್ತಿತ್ತು.

"ಏನು ಮಾಡ್ದೆ?"

"ಎಂತದೂ ಇಲ್ಲ. ಯಾವಾಗಿನ ಹಾಗೇ ಮಾಡಿದ್ದು."

ಅವಳ ಚೀಟಿ ನೋಡಿದೆ. ಟಿವಿ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಎಳೆಯುತ್ತದೆ. ಎಷ್ಟನೆಯ ಗೆರೆ ಬಂದಾಗ ಚಿಪ್ಪಿನ ರಿಜಿಸ್ಟರ್ ಎಂಬ ಅಂಕೆಯ ಖಾನೆಯನ್ನು ಬದಲಿಸಿ, ಅಕ್ಷರದ ಸಾಲುಗಳನ್ನು ಇಪ್ಪತ್ತೈದರಿಂದ ಇಪ್ಪತ್ನಾಲ್ಕಕ್ಕೆ ಇಳಿಸಬೇಕು ಎಂದು ಪರೀಕ್ಷೆ ಕೇಳುತ್ತದೆ. ಇಪ್ಪತ್ತನೆಯ ಗೆರೆ ಎಂದು ಒತ್ತಬೇಕು. ಆಗಿನ್ನೂ ಚಿತ್ರ ಶುರುವಾಗಿರುವುದಿಲ್ಲ. ಇವಳು ಪಕ್ಕದ ಕಾಲಂ ನೋಡಿ ಚಿಪ್ಪಿನ ಕ್ರಮಸಂಖ್ಯೆಯನ್ನೇ ಒತ್ತಿದ್ದಳು: ೨೪೯.

ನನಗೆ ಹೊಟ್ಟೆಯುರಿಯಾಯಿತು. ಮೂವತ್ತು ದಾಟಿದ ಮೇಲೆ ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿತವಳು ನಾನು. ನಲವತ್ತಮೂರಕ್ಕೆ ಎಸ್ಸೆಸ್ಸಿ. ಅಷ್ಟು ಕಷ್ಟಪಟ್ಟು ಓದಲು ಕಲಿತವರಿಗೆ ಅಚ್ಚಾದ ಮಾತಿನ ಮೇಲೆ ಸಂಶಯ ಹುಟ್ಟುವುದಿಲ್ಲ. ಇಪ್ಪತ್ತು ಎಂದಿದ್ದರೆ ಇಪ್ಪತ್ತು. ಐದು ವರ್ಷ, ಸಾವಿರಾರು ಸಲ, ಇಪ್ಪತ್ತನ್ನೇ ಒತ್ತಿದ್ದೆ. ಕೈಪಿಡಿಯನ್ನು ನೆಟ್ಟಗೆ ತೆರೆದೂ ನೋಡದವಳು ತಪ್ಪು ಕಾಲಂ ನೋಡಿ ಅದರಲ್ಲಿಲ್ಲದ್ದನ್ನು ಕಂಡಳು.

ಆ ಗುರುವಾರ ಮಲಾಡಿನ ಡಿಸೈನ್ ವಿಭಾಗದಿಂದ ಶಾಮಣ್ಣ ಬಂದರು. ಪರದೆ ನೋಡಿ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು.

"ಪುಟ್ಟಲಕ್ಷ್ಮಮ್ಮ, ಇದನ್ನ ಯಾರು ಕಂಡುಹಿಡಿದ್ರು, ಹೇಗೆ, ಎಲ್ಲಾ ಕ್ರಮವಾಗಿ ಬರೆದು ಸಹಿ ಹಾಕಿ ಕಳಿಸಿ. ಡಿಸೈನಲ್ಲಿ ಒಂದು ಜಾಗ ಇದೆ. ಹಿರಿಯ ಟೆಸ್ಟರ್ ಕಾಗದ ಇಲ್ಲದೆ ಸಾಹೇಬ್ರು ಯಾರನ್ನೂ ತಗೊಳಲ್ಲ, ನಿಮಗೇ ಗೊತ್ತಲ್ಲ."

ಗೊತ್ತಿಲ್ಲದೆ ಏನು? ಆ ವಿಭಾಗಕ್ಕೆ ಎರಡು ಸಲ ಅರ್ಜಿ ಹಾಕಿದವಳು ನಾನೇ.

ಕಾಗದ ಬರೆಯಲಿಲ್ಲ. ಮೊದಲು ಖಚಿತಮಾಡಿಕೊಳ್ಳಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ದಿನವೂ ಊಟದ ಬಿಡುವಿನಲ್ಲಿ ಕೂತು ಒಂದೊಂದೇ ಗೆರೆಯ ಸಂಖ್ಯೆ ಒತ್ತಿ, ಪರದೆ ನೋಡಿ, ನೋಟ್‌ಬುಕ್ಕಿನಲ್ಲಿ ಬರೆದೆ. ೨೪೮, ೨೪೯, ೨೫೦ ಈ ಮೂರಕ್ಕೆ ಮಾತ್ರ ಅಂಚು ಮಾಯ. ಬೇರೆ ಚಿಪ್ಪುಗಳಲ್ಲೂ ಹಾಗೆಯೇ. ಶಾಮಣ್ಣ ಎರಡು ಸಲ ನೆನಪಿನ ಚೀಟಿ ಕಳಿಸಿದರು. 'ಪರೀಕ್ಷೆ ನಡೆಯುತ್ತಿದೆ' ಎಂದು ಉತ್ತರಿಸಿದೆ. ಸುಳ್ಳೇನಲ್ಲ. ಆದರೆ ಪೂರ್ತಿ ನಿಜವೂ ಅಲ್ಲ ಎಂಬುದು, ವಿನೋದಿನಿ ಡಬ್ಬಿ ತೆರೆದು ನನಗೆ ನೀರುದೋಸೆ ನೀಡಿದಾಗಲೆಲ್ಲ ನೆನಪಾಗುತ್ತಿತ್ತು.

ಎರಡನೆಯ ತಿಂಗಳ ಕೊನೆಗೆ ಅದು ಏಕೆ ಹಾಗಾಗುತ್ತದೆ ಎಂಬುದೂ ಹೊಳೆಯಿತು. ಅವಳಿಗೆ ಗೊತ್ತಿಲ್ಲದ್ದು ನನಗೆ ಗೊತ್ತಾಯಿತು! ಅಂದೇ ಕಾಗದ ಶುರುಮಾಡಿದೆ. 'ಇದನ್ನು ನಾನು ಕಂಡುಹಿಡಿದೆ' ಎಂದು ಬರೆದು ಹೊಡೆದುಹಾಕಿದೆ. 'ನಾವು' ಎಂದು ಬರೆದೆ. ಅದನ್ನು ಕಳಿಸಲೂ ಕೈ ಬರಲಿಲ್ಲ. ನೋಟ್‌ಬುಕ್ಕಿನೊಳಗೆ ಮಡಚಿಟ್ಟೆ.

ಮೂರನೆಯ ತಿಂಗಳ ಕೊನೆಯ ಶುಕ್ರವಾರ ವಿನೋದಿನಿ ನನ್ನ ಮೇಜಿನ ಎದುರು ನಿಂತಳು.

"ಅಕ್ಕಾ, ಆಂಟಾಪ್ ಹಿಲ್ಲಿನ ಮಾವ ಹೋಟ್ಲಿಗೆ ಬಾ ಅಂತ ಒಂದೇ ಹಟ. ಗಲ್ಲಾದಲ್ಲಿ ಕೂರ್ಲಿಕ್ಕೆ. ಸೋಮವಾರ ಹೇಳ್ತೇನೆ ಅಂದಿದ್ದೇನೆ. ಶಾಮಣ್ಣ ಅಂದು ಕೇಳಿದ ನಿಮ್ಮ ಕಾಗದ ಹೋಯ್ತಾ?"

"ಪರೀಕ್ಷೆ ಮುಗೀಬೇಕಲ್ಲ."

"ಒಂದು ಕಾಗದಕ್ಕೆ ಮೂರು ತಿಂಗಳಾ! ನೀವು ಎಸ್ಸೆಸ್ಸಿ ಮಾಡಿದ್ದೇ ಫಾಸ್ಟ್."

"ನಾಲಿಗೆ ಬಿಗಿ ಹಿಡಿ. ಅದು ಏಕೆ ಆಗತ್ತೆ ಗೊತ್ತೇನೇ ನಿಂಗೆ?"

"ಇಲ್ಲ. ನಿಮಗೆ ಗೊತ್ತುಂಟಾ?"

ಹೇಳಬಾರದೆಂದುಕೊಂಡಿದ್ದೆ. ಆದರೆ ಇಷ್ಟು ದಿನ ಒಬ್ಬಳೇ ಹೊತ್ತ ಮಾತು, ತಾನಾಗಿ ಹೊರಬಿತ್ತು.

"ಚಿಪ್ಪನ್ನ ಬಿಲ್ಡಿಂಗ್ ವಾಚ್‌ಮನ್ ಅಂದ್ಕೋ. ಗೇಟು ಅಂದ್ರೆ ಆ ನೀಲಿ ಅಂಚು. ಅದನ್ನ ಹಾಕೋಕೆ ಎರಡೇ ಹೊತ್ತು. ೨೪೭ನೇ ಗೆರೆಗೆ ಬಂದು 'ಇಪ್ಪತ್ನಾಲ್ಕೇ ಸಾಲಾ?' ಅಂತಾನೆ. ಇಲ್ಲ, ಇಪ್ಪತ್ತೈದು ಅಂತೀವಿ. ಹೋಗ್ತಾನೆ. ೨೫೧ಕ್ಕೆ ಬಂದು 'ಇಪ್ಪತ್ತೈದಾ?' ಅಂತಾನೆ. ಅಷ್ಟರಲ್ಲಿ ನಾವು ಇಪ್ಪತ್ನಾಲ್ಕು ಮಾಡಿರ್ತೀವಿ. ಹಾಗಾದ್ರೆ ಆಗಲೇ ಹಾಕಿರ್ತೀನಿ ಅಂದ್ಕೊಂಡು ವಾಪಸ್ ಹೋಗ್ತಾನೆ. ಗೇಟು ತೆಗೆದೇ ಇರತ್ತೆ."

ವಿನೋದಿನಿ ಬಾಯಿ ತೆರೆದು ನಕ್ಕಳು. "ಅಬ್ಬಾ! ಕ್ಯಾ ಬಾತ್ ಹೈ ಅಕ್ಕಾ!" ಎಂದಳು. ಮರುಕ್ಷಣ ಅವಳ ಕಣ್ಣು ಪರದೆಯ ಎಡಕ್ಕೆ ಹೋಯಿತು, ಆಮೇಲೆ ಬಲಕ್ಕೆ.

"ಹಾಗಾದ್ರೆ ಬದಿಯ ಅಂಚಿಗೂ ಒಬ್ಬ ವಾಚ್‌ಮನ್ ಇರ್ಬೇಕಲ್ವಾ? ಅಡ್ಡಕ್ಕೆ ನಲವತ್ತು ಅಕ್ಷರ, ಮೂವತ್ತೆಂಟು ಅಕ್ಷರ ಅಂತ ರಿಜಿಸ್ಟರ್ ಉಂಟಲ್ಲ. ಅವನಿಗೂ ಟೋಪಿ ಹಾಕಿದ್ರೆ?"

ಆ ರಿಜಿಸ್ಟರಿನ ಪುಟ ನನಗೆ ಬಾಯಿಪಾಠವಾಗಿತ್ತು. ನೂರಾರು ಸಲ ಓದಿದ್ದೆ. ವಾರಗಟ್ಟಲೆ ವಾಚ್‌ಮನ್‌ನನ್ನು ತಲೆಯಲ್ಲಿಟ್ಟುಕೊಂಡು ಓಡಾಡಿದ್ದೆ. ಬದಿಯ ಗೇಟು ನನ್ನ ತಲೆಗೆ ಬಂದಿರಲಿಲ್ಲ. ಇನ್ನು ಹತ್ತು ವರ್ಷ ಕೂತಿದ್ದರೂ ಬರುತ್ತಿರಲಿಲ್ಲ.

ಅವಳು ಪ್ರೋಗ್ರಾಮಿನ ಅಂಕೆಗಳನ್ನು ತಿದ್ದುತ್ತಾ ಕೂತಳು. ಬದಿಯ ಅಂಚಿಗೆ ಪ್ರತಿಯೊಂದು ಗೆರೆಯಲ್ಲೂ ಸರಿಯಾದ ಕ್ಷಣ ಹಿಡಿಯಬೇಕು; ಎಷ್ಟೋ ಸಲ ಕಂಪ್ಯೂಟರೇ ನಿಂತುಹೋಯಿತು. ಆಗಲಿಲ್ಲವೆಂದರೆ ಚೆನ್ನ ಎಂದು ನನ್ನ ಮನಸ್ಸು ಹಾರೈಸುತ್ತಿತ್ತು. ಸುಳ್ಳೇಕೆ ಬರೆಯಲಿ. ನಾಲ್ಕು ಗಂಟೆಯ ಚಹಾ ಬರುವ ಹೊತ್ತಿಗೆ ಬಲಗಡೆಯ ನೀಲಿ ಪಟ್ಟಿ ನಡುಗಿತು, ಹಲ್ಲು ಬಿದ್ದ ಬಾಚಣಿಗೆಯಂತೆ ಅಲ್ಲಲ್ಲಿ ತೆರೆದುಕೊಂಡಿತು. ಆಮೇಲೆ ಒಂದೇ ಸಲಕ್ಕೆ ಹೋಯಿತು.

"ಆಯ್ತಕ್ಕಾ" ಎಂದಳು, ಮೆಲ್ಲಗೆ.

ನನ್ನ ಉರಿ ಆರಲಿಲ್ಲ, ಇನ್ನಷ್ಟು ಹೆಚ್ಚಿತು. ಆದರೆ ಇದು ಇನ್ನು ಆಕಸ್ಮಿಕವೆಂದು ನನಗೆ ನಾನೇ ಹೇಳಿಕೊಳ್ಳಲು ದಾರಿ ಉಳಿಯಲಿಲ್ಲ. ಇಂಥವಳನ್ನು ಗಲ್ಲಾದ ಹಿಂದೆ ಕೂರಿಸಿದರೆ ಆ ಕೆಲಸ ಮಾಡಿದ್ದು ಅವಳ ಮಾವನಲ್ಲ, ನಾನು.

ಹಳೆಯ ಕಾಗದ ಹರಿದೆ. ಹೊಸದರಲ್ಲಿ ಬರೆದೆ: 'ಮೇಲಿನ, ಕೆಳಗಿನ ಮತ್ತು ಬದಿಯ ಅಂಚು ತೆಗೆಯುವ ವಿಧಾನ ಕಂಡುಹಿಡಿದವಳು ವಿನೋದಿನಿ. ಅದರ ಕಾರಣ ಮತ್ತು ಗೆರೆಗಳ ಪಟ್ಟಿ ನನ್ನದು. ಈ ಕಾಗದ ಮೂರು ತಿಂಗಳು ತಡವಾದದ್ದೂ ನನ್ನಿಂದಲೇ.' ಕೊನೆಯ ವಾಕ್ಯ ಬರೆದು ಬಹಳ ಹೊತ್ತು ನೋಡಿದೆ. ಹಾಗೇ ಬಿಟ್ಟು ಸಹಿ ಹಾಕಿದೆ.

ಟಪಾಲು ಒಯ್ಯುವ ದೂಜ ಆಗಲೇ ಮೆಟ್ಟಿಲಿಳಿದಿದ್ದ. ಸೆರಗು ಸಿಕ್ಕಿಸಿ ಗೇಟಿನವರೆಗೆ ಓಡಿದೆ.

"ಎಂತ ಅಮ್ಮ, ನನ್ನ ಲೋಕಲ್ ತಪ್ಪಿಸ್ತೀರಾ? ಚೀಲ ಕಟ್ಟಿ ಆಯ್ತು."

"ಬಿಚ್ಚು. ಮಲಾಡಿಗೆ, ಶಾಮಣ್ಣನವರ ಕೈಗೇ ಕೊಡ್ಬೇಕು."

"ಸೋಮವಾರ ಕೊಂಡೋದ್ರೆ ಆಗುದಿಲ್ವಾ?"

"ಆಗಲ್ಲ."

ಅವನು ಗೊಣಗುತ್ತಾ ಗಂಟು ಬಿಚ್ಚಿದ. ಕಾಗದವನ್ನು ನಾನೇ ಒಳಗೆ ಹಾಕಿದೆ. ಅವನು ಚೀಲವನ್ನು ಹೆಗಲಿಗೇರಿಸಿಕೊಂಡು ಸ್ಟೇಷನ್ ಕಡೆ ನಡೆದ.