ಎರಡು ಸಲ ಬೆಲ್

ದೆಹಲಿಯ ವಸಂತ್ ಕುಂಜ್‌ನ ಎರಡನೇ ಮಹಡಿಯ ಹಳೆಯ ಸ್ವಂತ ಫ್ಲಾಟಿನಲ್ಲಿ ಇಂದಿರಾ ಒಬ್ಬರೇ ಇದ್ದರು. ಗಂಡ ಅನಂತರಾಮ ತೀರಿಕೊಂಡು ಮೂರು ವರ್ಷವಾಗಿತ್ತು. ಆದರೂ ಹೊರಗೆ ಹೋಗಿ ಬಂದಾಗಲೆಲ್ಲ ತಮ್ಮ ಮನೆಯ ಬೆಲ್ಲನ್ನು ತಾವೇ ಎರಡು ಸಲ ಒತ್ತಿ, ಆಮೇಲೆ ಪರ್ಸಿನಿಂದ ಬೀಗದ ಕೈ ತೆಗೆಯುತ್ತಿದ್ದರು.

ಅದಕ್ಕೊಂದು ಕಾರಣವಿತ್ತು. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಮೂವತ್ತೈದು ವರ್ಷ ಫೈಲು ನೋಡಿ ನಿವೃತ್ತರಾಗುವ ಹೊತ್ತಿಗೆ ಅನಂತರಾಮರ ಕಿವಿ ಮಂದವಾಗಿತ್ತು. ಬೆಲ್ಲಿನ ಕರ್ಕಶ ಸದ್ದು ಕೇಳುತ್ತಿತ್ತು, ಹೆಂಡತಿಯ ಹೆಜ್ಜೆ ಕೇಳುತ್ತಿರಲಿಲ್ಲ. ಅದೂ ಸಾಲದೆಂಬಂತೆ ಬಾಗಿಲಿಗೆ ಬೆನ್ನು ಹಾಕಿ ಪೇಪರ್ ಓದುವುದು ಅವರ ಹಠ. ಒಮ್ಮೆ ಇಂದಿರಾ ಸದ್ದಿಲ್ಲದೆ ಬಂದು ಪಕ್ಕದಲ್ಲಿ ನಿಂತದ್ದೇ ತಡ, ಮನುಷ್ಯ ಬೆಚ್ಚಿಬಿದ್ದು ಬಿಸಿ ಕಾಫಿಯನ್ನೆಲ್ಲ ಪಂಚೆಯ ಮೇಲೆ ಸುರಿದುಕೊಂಡರು.

"ಕಳ್ಳರ ಥರ ಬರ್ತೀಯಲ್ಲೇ! ಇನ್ಮೇಲೆ ಎರಡು ಸಲ ಬೆಲ್ ಮಾಡಿ ಬಾ. ನಾನೇನು ಎದ್ದು ಬಾಗಿಲು ತೆಗೆಯೋದಿಲ್ಲ. ಬಂದಿದ್ದು ನೀನೇ ಅಂತ ಗೊತ್ತಾದ್ರೆ ಸಾಕು" ಎಂದು ರೇಗಿದ್ದರು.

ಅಂದಿನಿಂದ ಎರಡು ಸಲ. ಅವರು ಹೋದ ಮೇಲೂ ಎರಡು ಸಲ. ಹುಚ್ಚೆಂದು ಯಾರಾದರೂ ಅಂದಾರು ಎಂಬ ಅಳುಕು ಇಂದಿರಾಗೂ ಇತ್ತು. ಅದಕ್ಕೇ ಮೆಟ್ಟಿಲ ಮೇಲೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಗುಂಡಿ ಒತ್ತುತ್ತಿದ್ದರು. ದಿನವಿಡೀ ಯಾರೊಡನೆಯೂ ಮಾತಿಲ್ಲದ ಆ ಮನೆಯಲ್ಲಿ ಅವರ ಸಂಸಾರವೆಂದು ಉಳಿದದ್ದು ಅದೊಂದೇ.

ಹೋದ ಚಳಿಗಾಲದಲ್ಲಿ ಆ ಗುಟ್ಟು ಒಬ್ಬನ ಕಣ್ಣಿಗೆ ಬಿತ್ತು. ಚೆನ್ನೈನ ಸಿನಿಮಾ ನಿರ್ದೇಶಕ ರಘುನಂದನ್, ತಮಿಳಿನ ಸಸ್ಪೆನ್ಸ್ ಥ್ರಿಲ್ಲರ್ ಒಂದರ ಶೂಟಿಂಗಿಗೆ ಹಳೆಯ ಫ್ಲಾಟು ಹುಡುಕುತ್ತ ಬಂದಿದ್ದ. ಅವನು ಮೆಟ್ಟಿಲ ಮೇಲಿನ ತಿರುವಿನಲ್ಲಿ ಕೂತು ಮನೆಯವರಿಗಾಗಿ ಕಾಯುತ್ತಿದ್ದದ್ದು ಇಂದಿರಾಗೆ ಕಾಣಲಿಲ್ಲ. ಹಾಲಿನ ಪ್ಯಾಕೆಟ್ ಹಿಡಿದು ಬಂದು ಎರಡು ಸಲ ಬೆಲ್ ಮಾಡಿದರು, ಬೀಗ ತೆಗೆದರು.

"ಒಳಗೆ ಯಾರಿದಾರೆ ಅಮ್ಮ?" ಎಂದು ಅವನು, ಬಾಗಿಲ ಮೇಲಿನ ಕನ್ನಡ ಹೆಸರುಫಲಕ ನೋಡಿದ್ದರಿಂದ, ಬೆಂಗಳೂರಿನಲ್ಲಿದ್ದಾಗ ಕಲಿತ ಕನ್ನಡದಲ್ಲಿ ಕೇಳಿದ.

ಸಿಕ್ಕಿಬಿದ್ದ ಮೇಲೆ ಮುಚ್ಚಿಡುವುದೇನು? ಕೂರಿಸಿ, ಕಾಫಿ ಕೊಟ್ಟು, ಯಾರಿಗೂ ಹೇಳದ್ದನ್ನು ಹೇಳಿಬಿಟ್ಟರು. ಹುಡುಗ ಮಧ್ಯೆ ಬಾಯಿ ಹಾಕದೆ ಕೇಳಿದ, ಕಣ್ಣನ್ನೂ ಒರೆಸಿಕೊಂಡ. ಒಳ್ಳೆಯವನು ಅಂದುಕೊಂಡು ಇಂದಿರಾ ನಾಲ್ಕು ದಿನದ ಮಟ್ಟಿಗೆ ಮನೆ ಬಿಟ್ಟುಕೊಟ್ಟರು. ನಾಲ್ಕು ದಿನ ಒಳಕೋಣೆಯಲ್ಲಿ ಕೂತು, ಹಾಲ್‌ನಲ್ಲಿ ನಲವತ್ತು ಜನರ ಗಲಾಟೆ ಕೇಳುತ್ತ ಅವರು ನಿಜಕ್ಕೂ ಸಂತೋಷವಾಗಿದ್ದರು.

ಸಿನಿಮಾ ಬಿಡುಗಡೆಯಾದಾಗ ಎದುರು ಮನೆಯ ಮಹಂತೇಶರ ಮಗಳು ಸ್ಫೂರ್ತಿ ತಾನೇ ಟಿಕೆಟ್ ತೆಗೆಸಿದಳು. ದೆಹಲಿಯಲ್ಲೇ ಹುಟ್ಟಿ ಬೆಳೆದ ಕಾಲೇಜು ಹುಡುಗಿ. "ಆಂಟಿ, ನಿಮ್ಮ ಮನೆ ಸ್ಕ್ರೀನ್ ಮೇಲೆ! ಚಲೋ ಚಲೋ, ಲೇಟಾಗುತ್ತೆ" ಎಂದು ಮಧ್ಯಾಹ್ನದ ಆಟಕ್ಕೆ ಎಳೆದುಕೊಂಡು ಹೋದಳು.

ಮಾಲ್‌ನ ಥಿಯೇಟರಿನಲ್ಲಿ ಹೆಚ್ಚಿನವರು ಯೂನಿವರ್ಸಿಟಿಯ ತಮಿಳು ಹುಡುಗರು. ಇಂದಿರಾಗೆ ಭಾಷೆ ಅರೆಬರೆ ತಿಳಿಯುತ್ತಿತ್ತು. ಸಿನಿಮಾದಲ್ಲಿ ಕೊಲೆ ಮಾಡಿದವನು ಸತ್ತುಹೋಗಿದ್ದಾನೆಂದು ಎಲ್ಲರೂ ನಂಬಿರುತ್ತಾರೆ. ಒಬ್ಬ ಇನ್‌ಸ್ಪೆಕ್ಟರಿಗೆ ಮಾತ್ರ ಅನುಮಾನ. ಕೊನೆಗೆ ಅವನು ಮೆಟ್ಟಿಲ ತಿರುವಿನಲ್ಲಿ ಅಡಗಿ ಕೂರುತ್ತಾನೆ. ಆ ಕೊಲೆಗಾರನ ವಿಧವೆ ಹಾಲಿನ ಪ್ಯಾಕೆಟ್ ಹಿಡಿದು ಮೇಲೆ ಬರುತ್ತಾಳೆ. ಅತ್ತ ಇತ್ತ ನೋಡುತ್ತಾಳೆ. ಇಂದಿರಾರ ಬಾಗಿಲು, ಇಂದಿರಾರ ಬೆಲ್. ಎರಡು ಸಲ ಒತ್ತುತ್ತಾಳೆ.

ಬಾಗಿಲು ಒಳಗಿನಿಂದ ತೆರೆಯಿತು. ಗಂಡ ನಿಂತಿದ್ದ.

ಇಡೀ ಥಿಯೇಟರ್ ಕಿರುಚಿತು, ಶಿಳ್ಳೆ ಹೊಡೆಯಿತು. ಸ್ಫೂರ್ತಿ ಹೆದರಿ ಇಂದಿರಾರ ಕೈ ಗಟ್ಟಿಯಾಗಿ ಹಿಡಿದಳು. ಇಂದಿರಾಗೆ ಹೆದರಿಕೆಯಾಗಲಿಲ್ಲ. ಆ ಪರದೆಯ ಹೆಂಗಸಿನ ಮೇಲೆ ಹೊಟ್ಟೆಕಿಚ್ಚಾಯಿತು. ಕೊಲೆಗಾರನಾದರೇನು, ಎದ್ದು ಬಂದು ಬಾಗಿಲು ತೆಗೆದನಲ್ಲ. ಇವರ ಪುಣ್ಯಾತ್ಮರು ಬದುಕಿದ್ದಾಗಲೇ ಎದ್ದವರಲ್ಲ.

ವಾಪಸು ಬರುವಾಗ ಆಟೋದಲ್ಲಿ ಸ್ಫೂರ್ತಿಯ ಬಾಯಿಗೆ ಬಿಡುವಿರಲಿಲ್ಲ. "ಕ್ಯಾ ಟ್ವಿಸ್ಟ್ ಆಂಟಿ! ಆದ್ರೆ ಬೆಲ್ ಮಾಡಿದ್ಳಲ್ಲ, ಆಗಲೇ ನಂಗೆ ಡೌಟ್ ಬಂತು. ಖಾಲಿ ಮನೆಗೆ ಯಾರು ಬೆಲ್ ಮಾಡ್ತಾರೆ? ಒಳಗೆ ಯಾರಾದ್ರೂ ಇರಬೇಕು, ಇಲ್ಲಾ ಅವಳೇ ಪಾಗಲ್ ಇರಬೇಕು."

"ಹೌದಮ್ಮ" ಎಂದರು ಇಂದಿರಾ.

ಒಳಗೊಳಗೇ ರಘುನಂದನ್‌ಗೆ ಶಾಪ ಹಾಕಿದರು. ನಂಬಿ ಹೇಳಿದ್ದನ್ನು ಊರಿಗೆಲ್ಲ ತೋರಿಸಿದನಲ್ಲ. ಇನ್ನು ಬೆಲ್ ಮಾಡಿದರೆ ಎಲ್ಲರಿಗೂ ಅರ್ಥ ಗೊತ್ತು. ಇವತ್ತಿಗೆ ಸಾಕು, ಬಿಟ್ಟುಬಿಡಬೇಕು ಎಂದು ದಾರಿಯಲ್ಲೇ ತೀರ್ಮಾನಿಸಿದರು.

ಮೆಟ್ಟಿಲು ಹತ್ತಿದ ಮೇಲೆ ಸ್ಫೂರ್ತಿ ಪಕ್ಕದಲ್ಲೇ ನಿಂತಿದ್ದಳು. ಅಭ್ಯಾಸಬಲದಿಂದ ಮೇಲೆದ್ದ ಬೆರಳನ್ನು ಇಂದಿರಾ ಸೆರಗಿನ ಕಡೆಗೆ ತಿರುಗಿಸಿ, ಸೆರಗು ಸರಿಮಾಡಿಕೊಂಡಂತೆ ಮಾಡಿದರು. ನೇರವಾಗಿ ಬೀಗದ ಕೈ ಹಾಕಿ ತಿರುಗಿಸಿದರು. "ಅಚ್ಛಾ ಆಂಟಿ, ಬರ್ತೀನಿ" ಎಂದು ಹುಡುಗಿ ಎದುರಿನ ಮನೆಗೆ ಹೋದಳು.

ಒಳಗೆ ಬಂದು ದೀಪ ಹಾಕಿದರು. ಬಾಗಿಲಿಗೆ ಬೆನ್ನು ಹಾಕಿದ ಕುರ್ಚಿ ಹಾಗೇ ಇತ್ತು. ಮೂರು ವರ್ಷದಲ್ಲಿ ಆ ಕುರ್ಚಿ ಒಂದು ದಿನವೂ ಇಷ್ಟು ಖಾಲಿ ಕಂಡಿರಲಿಲ್ಲ. ಗಂಡ ತೀರಿಕೊಂಡ ದಿನ ಆಸ್ಪತ್ರೆಯಲ್ಲಿ ಬಾರದ ಅಳು ಈಗ ಬಂತು. ನಿಂತಲ್ಲೇ ಅತ್ತರು. ಚಪ್ಪಲಿಯನ್ನೂ ಬಿಟ್ಟಿರಲಿಲ್ಲ.

ಆಮೇಲೆ ಮುಖ ಒರೆಸಿಕೊಂಡು, ದೀಪ ಆರಿಸಿ, ಹೊರಗೆ ಬಂದು ಬಾಗಿಲೆಳೆದು ಬೀಗ ಹಾಕಿದರು. ಮೆಟ್ಟಿಲ ಮೇಲೆ ಯಾರಿದ್ದಾರೆಂದು ಈ ಸಲ ನೋಡಲಿಲ್ಲ. ಬೆಲ್ ಒತ್ತಿದರು, ಎರಡು ಸಲ, ಚೆನ್ನಾಗಿ ಒತ್ತಿದರು.

ಎದುರು ಮನೆಯಲ್ಲಿ ಟಿವಿಯ ಸದ್ದು ತಟ್ಟನೆ ನಿಂತಿತು. ಒಂದು ಗಳಿಗೆ ಬಿಟ್ಟು, ಮಲಗುವ ತನಕ ಯಾವತ್ತೂ ಹಾಕದ ಚಿಲಕವನ್ನು ಸ್ಫೂರ್ತಿ ಒಳಗಿನಿಂದ ಮೆಲ್ಲಗೆ ಹಾಕಿದ್ದು ಕೇಳಿಸಿತು. ನಾಳೆಗೆ ಇಡೀ ಬ್ಲಾಕಿಗೆ ಸುದ್ದಿ. ಆಗಲಿ ಬಿಡು ಎಂದುಕೊಂಡು ಇಂದಿರಾ ಬೀಗ ತೆಗೆದರು.

ಕುರ್ಚಿಯ ಹತ್ತಿರ ಹೋಗಿ ಬಗ್ಗಿ, ಮಂದ ಕಿವಿಗೂ ಕೇಳುವಂತೆ ಜೋರಾಗಿ ಹೇಳಿದರು: "ಆಗ್ಲೇ ಬೆಲ್ ಮಾಡದೆ ನುಗ್ಗಿಬಿಟ್ಟೆ. ಗಾಬರಿ ಆಯ್ತೇನ್ರೀ?"